ಕೆಂಪು ಕೋಟಿನ ನೌಕರಿ

ನನಗೊಂದು ಕೆಟ್ಟ ಚಟವಿದೆ. ಯಾರನ್ನಾದರೂ ಮೊದಲ ಸಲ ಕಂಡಾಗ ನನ್ನ ಕಣ್ಣು ಅವರ ಮುಖಕ್ಕೆ ಹೋಗುವುದಿಲ್ಲ, ನೇರ ಭುಜಕ್ಕೆ ಹೋಗುತ್ತದೆ. ಈ ಭುಜದಿಂದ ಆ ಭುಜಕ್ಕೆ ಎಷ್ಟು ಅಗಲ, ತೋಳು ಎಲ್ಲಿಯವರೆಗೆ ಬರುತ್ತದೆ ಎಂದು ಕಣ್ಣಿನಲ್ಲೇ ಅಳೆದು ಮುಗಿಸಿದ ಮೇಲೆ ಹೆಸರು ಕೇಳುತ್ತೇನೆ. ಮಗಳಿಗೆ ಗಂಡು ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗ ಏನು ಓದಿದ್ದಾನೆ, ಹೊಲ ಎಷ್ಟಿದೆ ಎಂದು ನಮ್ಮವರು ವಿಚಾರಿಸುತ್ತಿದ್ದರೆ ನಾನು ಮಾತ್ರ, ಇವನಿಗೆ ದೊಡ್ಡ ಡೋಲು ಒಪ್ಪುತ್ತದೆ ಎಂದುಕೊಂಡು ಸುಮ್ಮನೆ ಕೂತಿದ್ದೆ. ನನ್ನ ಯಜಮಾನರು ಇದಕ್ಕೆ ದರ್ಜಿಯ ಬುದ್ಧಿ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಇದು ಮಾಲಕರ ಬುದ್ಧಿ. ನಮ್ಮ ಶಿವಪ್ಪ ಕಾಕಾ ನೌಕರರನ್ನು ಆರಿಸುವುದನ್ನು ನೋಡುತ್ತ ಬೆಳೆದವರಿಗೆ ಅಂಟಿಕೊಳ್ಳುವ ಬುದ್ಧಿ.

ಲಿಂಗಸುಗೂರಿಗೆ ನಮ್ಮ ಹಿರಿಯರು ಛಾವಣಿ ಅನ್ನುತ್ತಿದ್ದರು. ಹಿಂದೆಂದೋ ಅಲ್ಲಿ ದಂಡು ಇಳಿದಿತ್ತಂತೆ; ದಂಡು ಎದ್ದುಹೋಗಿ ಎಷ್ಟು ವರ್ಷವಾದರೂ ಹೆಸರು ಎದ್ದುಹೋಗಿರಲಿಲ್ಲ. ನಾನು ಹೇಳುತ್ತಿರುವುದು ನಿಜಾಮನ ಕಾಲದ ಮಾತು, ನಾನಿನ್ನೂ ಪರಕಾರ ಉಟ್ಟು ಓಡಾಡುತ್ತಿದ್ದ ವಯಸ್ಸು. ಬಜಾರಿನಲ್ಲಿ ನಮ್ಮದೊಂದು ಅರಿವೆ ಅಂಗಡಿ ಇತ್ತು. ಅಪ್ಪ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುತ್ತಿದ್ದ. ಅಪ್ಪನ ತಮ್ಮ ಶಿವಪ್ಪ ಕಾಕಾ ಮೆಟ್ಟಿಲ ಮೇಲೆ ನಿಂತಿರುತ್ತಿದ್ದ. ನಿಲ್ಲುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎದೆ ಮುಂದೆ, ಗದ್ದ ಮೇಲೆ, ಕೈ ಬೆನ್ನ ಹಿಂದೆ. ಹಳ್ಳಿಯಿಂದ ಬಂದವರು ಯಾರೋ ಸಾಹೇಬರು ನಿಂತಿದ್ದಾರೆ ಎಂದು ಕೈ ಮುಗಿದು, ಅಂಗಡಿಗೆ ಬರುವುದನ್ನು ಬಿಟ್ಟು ಆಚೆ ಬದಿಯಿಂದ ಹೋಗಿಬಿಡುತ್ತಿದ್ದರು. ಅಪ್ಪ ಒಳಗಿನಿಂದ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಈ ನಿಲುವನ್ನು ಕಾಕಾ ಕಲಿತದ್ದು ತಹಸೀಲ ಕಚೇರಿಯಲ್ಲಿ. ಆಗ ಸರಕಾರಿ ನೌಕರಿ ಬೇಕೆಂದರೆ ಮೊದಲು ಉಮೇದವಾರಿ ಮಾಡಬೇಕಾಗಿತ್ತು. ಉಮೇದವಾರಿ ಅಂದರೆ ಪಗಾರವಿಲ್ಲದ ನೌಕರಿ. ಇವತ್ತಲ್ಲ ನಾಳೆ ಯಾವುದಾದರೂ ಜಾಗ ಖಾಲಿಯಾದೀತು, ಆಗ ನನ್ನನ್ನು ಪಕ್ಕಾ ಮಾಡಿಯಾರು ಎಂಬ ಆಸೆಯ ಮೇಲೆ ಕೆಲಸ ಮಾಡುತ್ತ ಹೋಗುವುದು. ಕಾಕಾ ವರ್ಷಗಟ್ಟಲೆ ಮಾಡಿದ. ಕಾಗದದ ಬಸ್ತಾ ಹೊತ್ತ, ಶಾಯಿ ಕಲಸಿದ, ಸಾಹೇಬರ ಮನೆಗೆ ತರಕಾರಿ ಒಯ್ದ. ಜಾಗಗಳೇನೋ ಖಾಲಿಯಾದವು, ಪ್ರತಿ ಸಲವೂ ಒಬ್ಬರಲ್ಲ ಒಬ್ಬರ ಹೆಂಡತಿಯ ತಮ್ಮ ಎಲ್ಲಿಂದಲೋ ಬಂದು ಅದರಲ್ಲಿ ಕೂತುಬಿಡುತ್ತಿದ್ದ. ಕೊನೆಗೆ ಹೊಸದಾಗಿ ಬಂದ ಸಾಹೇಬರೊಬ್ಬರು, ಈ ಮನುಷ್ಯ ಯಾರು ಎಂದು ಕೇಳಿದರಂತೆ. ಕಚೇರಿಯಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಕಾಕಾ ಆ ದಿನ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಕಚೇರಿ ಅವನಿಗೆ ಪಗಾರ ಕೊಡದಿದ್ದರೂ ವಿದ್ಯೆ ಕೊಟ್ಟಿತ್ತು: ಸಾಹೇಬನಂತೆ ನಿಲ್ಲುವುದು ಹೇಗೆ, ಪಗಾರ ಕೊಡದೆ ಕೆಲಸ ತೆಗೆಯುವುದು ಹೇಗೆ.

ಇಂಥ ಎರಡು ವಿದ್ಯೆ ಕೈಯಲ್ಲಿರುವವನು ಮಾಲಕನಾಗದೆ ಇನ್ನೇನಾಗಬೇಕು, ನೀವೇ ಹೇಳಿ.

ಆ ಸುಮಾರಿಗೆ ನಮ್ಮ ಕಡೆಯ ಒಬ್ಬ ಜಾಗೀರದಾರರು ತೀರಿಕೊಂಡರು. ಅವರಿಗೆ ಬ್ಯಾಂಡಿನ ಹುಚ್ಚು. ಮನೆ ಮುಂದೆ ದಿನಾ ಸಂಜೆ ನುಡಿಸುವುದಕ್ಕೇ ಆಳುಗಳನ್ನು ಸಾಕಿದ್ದರು. ಮಕ್ಕಳಿಗೆ ಆ ಹುಚ್ಚು ಇರಲಿಲ್ಲ. ಸಾಮಾನೆಲ್ಲ ಹರಾಜಿಗೆ ಹಾಕಿದರು. ಕಾಕಾ ಹೋಗಿ ನೋಡಿ ಬಂದು, ಮದುವೆಗಳಿಗೆ ಬ್ಯಾಂಡು ಕಳಿಸುವ ವ್ಯಾಪಾರ ಮಾಡುತ್ತೇನೆ ಎಂದ. ಅಪ್ಪ ಅಂಗಡಿಯ ರೊಕ್ಕ ಮುಟ್ಟಗೊಡಲಿಲ್ಲ. ಆಗ ಕಾಕಾ ಅಡುಗೆಮನೆಗೆ ಹೋದ. ಅವನ ಹೆಂಡತಿ ಗಂಗವ್ವ, ನಮಗೆಲ್ಲ ಚಿಗವ್ವ, ರೊಟ್ಟಿ ಬಡಿಯುತ್ತಿದ್ದಳು. ಅವಳ ತವರಿನವರು ಮದುವೆಯಲ್ಲಿ ಇಟ್ಟ ಬಂಗಾರದ ಡಾಬು ಸೊಂಟದಲ್ಲಿತ್ತು. ಇದಕ್ಕಿಂತ ಅಗಲದ ಡಾಬು ಮಾಡಿಸಿ ಕೊಡುತ್ತೇನೆ ಎಂದು ಕಾಕಾ ಬಹಳ ಹೊತ್ತು ಹೇಳಿದ. ಚಿಗವ್ವ ಹಂಚಿನ ಮೇಲಿದ್ದ ರೊಟ್ಟಿ ಬೇಯಿಸಿ ಇಳಿಸಿ, ಆಮೇಲೆ ಕೈ ತೊಳೆದುಕೊಂಡು ಡಾಬು ಬಿಚ್ಚಿಕೊಟ್ಟಳು.

ಸಾಮಾನು ಚಕ್ಕಡಿಯಲ್ಲಿ ಬಂತು. ದೊಡ್ಡ ಡೋಲು, ಸಣ್ಣ ಡೋಲುಗಳು, ಪೀಪಿ, ಹೊಟ್ಟೆಯುಬ್ಬಿದ ಹಿತ್ತಾಳೆ ತುತ್ತೂರಿಗಳು, ತಾಳ, ತುದಿಗೆ ಗುಂಡಿರುವ ಒಂದು ಬೆತ್ತ. ಅದರ ಜೊತೆ ಒಂದು ಪೆಟಾರಿ ತುಂಬ ಕೆಂಪು ಕೋಟುಗಳು, ಹಳದಿ ಪಟ್ಟಿ ಹೊಡೆದವು. ಉಣ್ಣೆಯ ಕೋಟುಗಳು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಇದರ ಮೇಲೆ ಹೆಚ್ಚು ಹೇಳಬೇಕಾಗಿಲ್ಲ. ಪೆಟಾರಿ ಬಿಚ್ಚಿದ ಕೂಡಲೇ ಬೇವಿನ ಸೊಪ್ಪಿನದೂ ಹಳೆಯ ಬೆವರಿನದೂ ಕೂಡಿದ ಒಂದು ನಾತ ಪಡಸಾಲೆಯೆಲ್ಲ ತುಂಬಿತು. ನಾನು ಎಲ್ಲಕ್ಕಿಂತ ಸಣ್ಣ ಕೋಟನ್ನು ಹಾಕಿಕೊಂಡು ಕಾಕಾನ ಮುಂದೆ ನಿಂತೆ. ಅದು ನನ್ನ ಹಿಮ್ಮಡಿಯವರೆಗೆ ಬಂತು. ಹೆಣ್ಣುಮಕ್ಕಳಿಗೆ ಜಾಗ ಖಾಲಿ ಇಲ್ಲ ಎಂದು ಕಾಕಾ ಗಂಭೀರವಾಗಿ ಹೇಳಿ ಕೋಟು ಕಸಿದುಕೊಂಡ.

ಇನ್ನು ನೌಕರರ ನೇಮಕ. ಕೋಟುಗಳು ಒಂದೊಂದೂ ಒಂದೊಂದು ಅಳತೆಯವು. ಅಪ್ಪ ಅರಿವೆಯ ಮನುಷ್ಯ, ಹೊಲಿಗೆ ತಿರುವಿ ನೋಡಿ, ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಾರೆ, ಬಾರಿಸುವುದು ಬರುವವರನ್ನು ಮೊದಲು ಹಿಡಿ, ಆಮೇಲೆ ಕೋಟು ಬಿಚ್ಚಿ ಹೊಲಿಸೋಣ ಎಂದ. ಕಾಕಾನಿಗೆ ಈ ಮಾತು ಅಂಗಡಿಯವರ ಮಾತು ಅನ್ನಿಸಿತು.

"ಅಣ್ಣಾ, ಸರಕಾರ ಕುರ್ಚಿಗೆ ಮನಶ್ಯಾನ್ನ ಹುಡುಕ್ತೈತಿ. ಮನಶ್ಯಾನ್ನ ನೋಡಿ ಕುರ್ಚಿ ಕೆತ್ತಂಗಿಲ್ಲ," ಎಂದ.

ಡಂಗುರ ಹೊಡೆಸಿದ. ಊರ ಗಂಡಸರು ಅರ್ಧದಷ್ಟು ಜನ ನಮ್ಮ ಮನೆ ಮುಂದೆ ಸೇರಿದರು. ಕಾಕಾ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರನ್ನೇ ಕರೆದು ಕೋಟು ತೊಡಿಸಿ, ಮುಂದೆ ತಿರುಗು, ಹಿಂದೆ ತಿರುಗು ಎಂದು ನೋಡಿದ. ಸಣಕಲು ಕೋಟು ಹತ್ತಿ ಗಿರಣಿಯಲ್ಲಿ ತಕ್ಕಡಿ ಹಿಡಿಯುವ ಒಬ್ಬನಿಗೆ ಸರಿಹೋಯಿತು. ಅವನ ಕೈಗೆ ಪೀಪಿ ಬಂತು. ಎಲ್ಲಕ್ಕಿಂತ ಅಗಲದ ಕೋಟು ಗರಡಿಯ ಪೈಲವಾನನೊಬ್ಬನದಾಯಿತು. ಅವನಿಗೆ ದೊಡ್ಡ ಡೋಲು. ಗುರುಗುಂಟಾದಿಂದ ಕುರಿ ಮಾರಲು ಬಂದಿದ್ದ ನಿಂಗಪ್ಪ ಗುಂಪು ಕಂಡು ಸುಮ್ಮನೆ ನೋಡಲು ನಿಂತಿದ್ದ. ಕಾಕಾ ಅವನ ಭುಜ ನೋಡಿ ಕರೆದ. ಕೋಟು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಿಂಗಪ್ಪ ಅವತ್ತು ಸಂಜೆ ಕುರಿಗಳನ್ನು ಹೆಂಡತಿಯ ಅಣ್ಣನ ವಶಕ್ಕೆ ಕೊಟ್ಟು, ತುತ್ತೂರಿಯವನಾದ.

ದುರ್ಗಪ್ಪನೂ ಬಂದಿದ್ದ. ದುರ್ಗಪ್ಪ ಸನಾದಿಯವನು. ಅವನ ಅಪ್ಪ, ಅಜ್ಜ ಎಲ್ಲ ನಮ್ಮ ಸುತ್ತಿನ ಮದುವೆಗಳಿಗೆ ಸನಾದಿ ನುಡಿಸಿದವರೇ. ಅವನು ನುಡಿಸಿದರೆ ಬೀಗರ ಜಗಳ ಅರ್ಧಕ್ಕೆ ನಿಲ್ಲುತ್ತಿತ್ತು ಎಂದು ಹೆಂಗಸರು ಹೇಳುತ್ತಿದ್ದರು. ಉಸಿರು ಹಿಡಿದು ಹಿಡಿದು ಅವನ ಎದೆ ತೊಲೆಯಂತಾಗಿತ್ತು. ಯಾವ ಕೋಟೂ ಮೊಳಕೈ ದಾಟಲಿಲ್ಲ. ಒಂದು ಸಲ ನುಡಿಸಿ ತೋರಿಸಲೇನು ಎಂದು ಅವನು ಕೇಳಿದ. ನುಡಿಸುವುದು ಆಮೇಲಿನ ಮಾತು ಎಂದು ಕಾಕಾ ನಿಜವಾದ ವಿಷಾದದಿಂದಲೇ ಹೇಳಿ ಮುಂದಿನವನನ್ನು ಕರೆದ.

ಆರಿಸಿದವರಲ್ಲಿ ಒಬ್ಬನಿಗೂ ಬಾರಿಸಲು ಬರುತ್ತಿರಲಿಲ್ಲವಾದ್ದರಿಂದ ಕಲಿಸಲು ಒಬ್ಬರು ಬೇಕಾದರು. ಮುದಗಲ್ಲಿನಲ್ಲಿದ್ದ ಮಹಬೂಬಸಾಬರು, ಪಲ್ಟನ್ನಿನ ಬ್ಯಾಂಡಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಉಸ್ತಾದರಾಗಿ ಬಂದರು. ಅವರಿಗೂ ಮೊದಲು ಉಮೇದವಾರಿಯ ಮಾತು ಹೇಳಿ ನೋಡಿದ ಕಾಕಾ. ಉಸ್ತಾದರು ಬಿಳಿ ಮೀಸೆ ತಿರುವಿ, ಗುರುವಾರಕ್ಕೆ ಗುರುವಾರ ರೊಕ್ಕ ಕೈಗೆ ಬರಬೇಕು, ಬರದಿದ್ದರೆ ಶುಕ್ರವಾರ ನಾನು ಮುದಗಲ್ಲಿನಲ್ಲಿರುತ್ತೇನೆ ಎಂದರು. ಪಗಾರದ ವಿಷಯದಲ್ಲಿ ಕಾಕಾನಿಗೆ ಯಾರಾದರೂ ಕಾಯಿದೆ ಹೇಳಿದ್ದು ಅದೇ ಮೊದಲು. ತೆಪ್ಪಗೆ ಒಪ್ಪಿಕೊಂಡ.

ಮನೆಯ ಹಿಂದಿನ ಬಯಲಿನಲ್ಲಿ ತಾಲೀಮು ನಡೆಯಿತು. ಮೊದಲಿಗೆ ಬಹಳ ದಿನ ಬರೀ ನಡೆಯುವುದನ್ನೇ ಕಲಿಸಿದರು. ಕಾಲು ಕೂಡದೆ ರಾಗ ಕೂಡುವುದಿಲ್ಲ ಎಂಬುದು ಉಸ್ತಾದರ ನಂಬಿಕೆ. ಬಲಗಾಲು ಅಂದರೆ ಪೈಲವಾನ ಎಡಗಾಲಿಡುತ್ತಿದ್ದ, ಡೋಲು ಹಿಂದಿನವನಿಗೆ ಬಡಿಯುತ್ತಿತ್ತು. ನಿಂಗಪ್ಪನ ತುತ್ತೂರಿಯಿಂದ ಕೆಲವು ದಿನ ಗಾಳಿ ಮಾತ್ರ ಬಂತು, ಆಮೇಲೆ ಒಂದು ಮುಂಜಾನೆ ಎಮ್ಮೆ ಕರೆದಂಥ ಸದ್ದು ಬಂತು. ಚಿಗವ್ವನ ಕೈಯಿಂದ ಹಿಟ್ಟಿನ ಬುಟ್ಟಿ ಬಿತ್ತು, ನಮ್ಮ ಎಮ್ಮೆ ನಿಜವಾಗಿ ಉತ್ತರ ಕೊಟ್ಟಿತು, ಉಸ್ತಾದರು ನಿಂಗಪ್ಪನ ಬೆನ್ನು ತಟ್ಟಿದರು.

ಉಸ್ತಾದರಿಗೆ ಬರುತ್ತಿದ್ದ ಮಟ್ಟುಗಳು ಎರಡೇ. ದೊಡ್ಡ ಸಾಹೇಬರು ಬರುವಾಗ ನುಡಿಸುವುದು ಒಂದು, ದೊಡ್ಡ ಸಾಹೇಬರನ್ನು ಮಣ್ಣಿಗೆ ಒಯ್ಯುವಾಗ ನುಡಿಸುವುದು ಇನ್ನೊಂದು. ಮದುವೆಯಲ್ಲಿ ಎರಡನೆಯದನ್ನು ಏನು ಮಾಡುವುದು ಎಂಬ ಚರ್ಚೆಯಾಯಿತು. ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಅದನ್ನು ನುಡಿಸಿರಿ ಎಂದು ಕಾಕಾ ಹುಕುಂ ಮಾಡಿದ. ಹಾಗೆ ನುಡಿಸಿದ ಮೊದಲ ಮದುವೆಯಲ್ಲಿ ಗಂಡಸರು ಕೂಡ ಅತ್ತರು. ಬ್ಯಾಂಡಿನ ಹೆಸರು ಸಿಂಧನೂರಿನವರೆಗೆ ಹೋಯಿತು.

ಈಗ ಪಗಾರದ ವಿಷಯಕ್ಕೆ ಬರುತ್ತೇನೆ. ಬೇಗ ಮುಗಿಯುತ್ತದೆ, ಯಾಕೆಂದರೆ ಪಗಾರವೇ ಇರಲಿಲ್ಲ. ಎಲ್ಲರೂ ಮೊದಲು ಉಮೇದವಾರರು. ಕಲಿತ ಮೇಲೆ ಕಚ್ಚಾ ನೌಕರರು. ಕಚ್ಚಾದಿಂದ ಪಕ್ಕಾ ಆಗುವುದು ಮಾಲಕರ ಮರ್ಜಿ. ಅಲ್ಲಿಯವರೆಗೆ ಮದುವೆ ಮನೆಯ ಊಟವೇ ಪಗಾರ. ಊಟ ಸಿಗುವುದು ಲಾಭವಾದ್ದರಿಂದ, ಮುಂದೆಂದೋ ಬರುವ ಪಗಾರದಲ್ಲಿ ಕೋಟಿನ ಒಗೆತಕ್ಕೆ, ಹಿತ್ತಾಳೆ ಉಜ್ಜುವ ಹುಣಸೆಹಣ್ಣಿಗೆ ಎಂದು ಮುರಿದುಕೊಳ್ಳುವ ಹಕ್ಕು ಕಾಕಾನದು. ಸ್ವರ ತಪ್ಪಿದರೆ ಜುಲ್ಮಾನೆ. ಬ್ರಿಟಿಷರ ರೂಪಾಯಿಗೆ ಆಗ ಕಲ್ದಾರ ಅನ್ನುತ್ತಿದ್ದರು, ನಿಜಾಮನ ರೂಪಾಯಿಗೆ ಹಾಲಿ. ಕಲ್ದಾರಕ್ಕೆ ಬೆಲೆ ಜಾಸ್ತಿ. ಕಾಕಾ ಮದುವೆ ಮನೆಯವರ ಜೊತೆ ಕಲ್ದಾರದಲ್ಲಿ ಮಾತಾಡುತ್ತಿದ್ದ, ನೌಕರರ ಜೊತೆ ಹಾಲಿಯಲ್ಲಿ ಮಾತಾಡುತ್ತಿದ್ದ, ಕೊಡುವಾಗ ಯಾವುದರಲ್ಲೂ ಕೊಡುತ್ತಿರಲಿಲ್ಲ.

ನಾನು ದೊಡ್ಡವಳಾದ ಮೇಲೆ ಯೋಚಿಸಿದ್ದೇನೆ: ಕಾಕಾ ಕಳ್ಳನಾಗಿದ್ದನೇ? ಇಲ್ಲ. ತನಗೆ ಆದದ್ದೇ ಜಗತ್ತಿನ ಕಾಯಿದೆ ಎಂದು ನಂಬಿದ್ದ. ಕಾಯಿಸಿದರೆ ಮನುಷ್ಯ ಹದವಾಗುತ್ತಾನೆ ಎಂದು ಅವನಿಗೆ ಯಾರೋ ಹೇಳಿರಬೇಕು. ಕಾದು ಕಾದು ತಾನು ಏನಾದೆ ಎಂಬುದು ಮಾತ್ರ ಅವನಿಗೆ ಕಂಡಿರಲಿಲ್ಲ.

ಪಗಾರವಿಲ್ಲದ ಆಳು ಕಲಿಯುವವರೆಗೆ ಇರುತ್ತಾನೆ, ಕಲಿತ ಮೇಲೆ ಹೋಗುತ್ತಾನೆ. ತಕ್ಕಡಿಯವನು ಒಂದು ಮಟ್ಟು ಬಂದದ್ದೇ ಗಿರಣಿಗೆ ಮರಳಿದ. ಕಾಕಾನಿಗೆ ದುಃಖವಾಗಲಿಲ್ಲ, ಕೋಟು ಮನೆಯಲ್ಲೇ ಇತ್ತಲ್ಲ. ಅದೇ ಅಳತೆಯ ಇನ್ನೊಬ್ಬನನ್ನು ತಂದ. ಉಸ್ತಾದರು ಮತ್ತೆ ಬಲಗಾಲು ಎಡಗಾಲಿನಿಂದ ಶುರು ಮಾಡಿದರು, ಮತ್ತೆ ಗುರುವಾರದ ರೊಕ್ಕ ಎಣಿಸಿಕೊಂಡರು. ಹೀಗಾಗಿ ನಮ್ಮ ಬ್ಯಾಂಡು ಯಾವಾಗಲೂ ಕಲಿಯುತ್ತಲೇ ಇತ್ತು. ಕಲಿತ ಬ್ಯಾಂಡು ಎಂಬುದನ್ನು ಯಾರೂ ಕೇಳಲೇ ಇಲ್ಲ. ಬಂದ ರೊಕ್ಕವೆಲ್ಲ ಉಸ್ತಾದರಿಗೂ ತಾಲೀಮಿನ ದಿನಗಳ ಊಟಕ್ಕೂ ಹೋಗುತ್ತಿತ್ತು. ಮುಂಜಾನೆಯಿಂದ ಊದಿದವರ ಹಸಿವು ಎಂಥದು ಎಂಬುದು ರೊಟ್ಟಿ ಬಡಿದ ಚಿಗವ್ವನಿಗೆ ಗೊತ್ತಿತ್ತು. ಅವಳ ಬರಿ ಸೊಂಟ ನೋಡಿ ಓಣಿಯ ಹೆಂಗಸರು, ಡಾಬು ತೊಳೆಯಲು ಕೊಟ್ಟಿದ್ದೀಯಾ ಎಂದು ಕೇಳುತ್ತಿದ್ದರು. ಹೌದು, ಬಹಳ ಹೊಲಸಾಗಿತ್ತು ಎಂದು ಅವಳು ಹೇಳುತ್ತಿದ್ದಳು.

ಅಷ್ಟರಲ್ಲಿ ಮಸ್ಕಿಯ ಮದುವೆ ಬಂತು. ಮಸ್ಕಿ ಚಿಗವ್ವನ ತವರು. ಮದುಮಗಳು ಅವಳ ಅಣ್ಣನ ಮಗಳು, ಗಂಡು ಸಿಂಧನೂರಿನ ಹತ್ತಿ ಸಾಹುಕಾರರ ಮಗ. ಗಂಡಿನವರು ಬ್ಯಾಂಡು ಇದ್ದರೇ ಮೆರವಣಿಗೆ ಎಂದು ಹಟ ಹಿಡಿದರು. ಕಾಕಾನಿಗೆ ಸಾಹುಕಾರರು ಪೂರಾ ರೊಕ್ಕ ಮುಂಗಡವಾಗಿ, ಕಲ್ದಾರದಲ್ಲಿ, ಒಂದು ಚೀಲದಲ್ಲಿ ಹಾಕಿ ಕೊಟ್ಟರು. ನಾವು ಹೆಂಗಸರು ಮಕ್ಕಳು ಒಂದು ಬಂಡಿ, ಬ್ಯಾಂಡು ಇನ್ನೊಂದು ಬಂಡಿ, ಎಲ್ಲ ಹೊರಟೆವು. ಸನಾದಿಯ ದುರ್ಗಪ್ಪ ಮೊದಲೇ ಅಲ್ಲಿದ್ದ. ದೇವರ ಕಾರ್ಯಕ್ಕೆ ಸನಾದಿಯೇ ಆಗಬೇಕು ಎಂದು ಚಿಗವ್ವನ ತವರಿನ ಹಿರಿಯರು ಅವನನ್ನು ಕರೆಸಿದ್ದರು. ಅವನ ಜಾಗ ಹಂದರದ ಹೊರಗೆ, ಚಪ್ಪಲಿ ಬಿಡುವ ಮೂಲೆಯಲ್ಲಿ.

ಕಡು ಬೇಸಿಗೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆರವಣಿಗೆ ಎದ್ದಿತು. ಮಸ್ಕಿಯ ಗುಡ್ಡ ಹಂಚಿನಂತೆ ಕಾದು ಬೀದಿಯೆಲ್ಲ ಬಿಸಿ ಉಗುಳುತ್ತಿತ್ತು. ಮುಂದೆ ಕಾಕಾ, ಗುಂಡಿನ ಬೆತ್ತ ಹಿಡಿದು. ಅವನ ಹಿಂದೆ ಉಣ್ಣೆಯ ಕೋಟು ತೊಟ್ಟ ನೌಕರರು. ಅವರ ಹಿಂದೆ ಕುದುರೆಯ ಮೇಲೆ ಮದುಮಗ. ಸಾಹೇಬರು ಬರುವ ಮಟ್ಟು ಅರ್ಧ ಬೀದಿ ನಡೆಯಿತು. ನಿಂಗಪ್ಪ ತುತ್ತೂರಿ ಇಳಿಸಿ, ಒಂದಿಷ್ಟು ನೀರು ಕುಡಿದು ಬರುತ್ತೇವೆ ಎಂದ. ಕಾಕಾ ತಿರುಗಿಯೂ ನೋಡದೆ, ನಿಂತವರಿಗೆ ಜುಲ್ಮಾನೆ ಎಂದ.

ಆಗ ನಡೆದದ್ದು ಬಹಳ ಸಮಾಧಾನದಿಂದ ನಡೆಯಿತು. ನಿಂಗಪ್ಪ ಬೀದಿ ಬದಿಯ ಬೇವಿನ ಗಿಡದ ಕೆಳಗೆ ಹೋಗಿ ಕೋಟಿನ ಗುಂಡಿ ಬಿಚ್ಚಿದ. ಉಳಿದವರೂ ಬಿಚ್ಚಿದರು. ಯಾರೂ ಕೂಗಲಿಲ್ಲ, ಬಯ್ಯಲಿಲ್ಲ. ಒಬ್ಬೊಬ್ಬರೇ ಕೋಟನ್ನು ಚೊಕ್ಕಟವಾಗಿ ಮಡಚಿ ಕಾಕಾನ ಕಾಲ ಬಳಿ ಇಟ್ಟು ಬಂದು ನೆರಳಿಗೆ ಕೂತರು. ಕೊನೆಗೆ ನಿಂಗಪ್ಪ ತನ್ನದನ್ನು ತಂದಿಟ್ಟ.

"ಮಾಲಕರ, ನಿಮ್ಮ ಕೋಟು ತಿರುಗಿ ಕೊಟ್ಟೀವಿ, ನೋಡಿ ತಗೋರಿ," ಎಂದ. "ಕಲ್ತದ್ದು ಮಾತ್ರ ಒಳಗ ಉಳದೈತಿ. ಅದನ್ನ ಬಿಚ್ಚಿ ಕೊಡಾಕ ಬರಂಗಿಲ್ರಿ."

ಕಾಕಾ ಏನೋ ಹೇಳಿದ. ಜುಲ್ಮಾನೆ ಎಂದೇ ಹೇಳಿರಬೇಕು, ಯಾರಿಗೂ ಕೇಳಿಸಲಿಲ್ಲ. ಕುದುರೆ ನಿಂತಿತು. ಜನ ಕಿಸಕ್ಕನೆ ನಕ್ಕರು. ಸಾಹುಕಾರರು ಮುಂದೆ ಬಂದು, ವಾದ್ಯವಿಲ್ಲದೆ ತಮ್ಮ ಮಗ ಬೀಗರ ಹಂದರ ಹೊಗುವುದಿಲ್ಲ, ಈ ಕುದುರೆಯ ಮುಖ ಸಿಂಧನೂರಿನ ಕಡೆ ತಿರುಗಿಸಲು ತಮಗೇನೂ ಕಷ್ಟವಿಲ್ಲ ಎಂದರು. ಹಾಸ್ಯವಾಗಿ ಹೇಳಿದ್ದಲ್ಲ. ಹೆಂಗಸರ ಗುಂಪಿನಲ್ಲಿ ನನ್ನ ಪಕ್ಕ ನಿಂತಿದ್ದ ಚಿಗವ್ವ ಹಂದರದ ಕಡೆ ತಿರುಗಿ ನೋಡಿದ್ದು ನನಗೆ ನೆನಪಿದೆ. ಒಳಗೆ ಅರಿಷಿಣ ಹಚ್ಚಿಕೊಂಡು ಕೂತ ಹುಡುಗಿ ಅವಳು ಎತ್ತಿ ಆಡಿಸಿದವಳು.

ಚಿಗವ್ವ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಗುಂಪಿನಿಂದ ಹೊರಬಿದ್ದಳು. ಗಂಡನ ಹತ್ತಿರ ಹೋಗಲಿಲ್ಲ, ಸಾಹುಕಾರರ ಹತ್ತಿರವೂ ಹೋಗಲಿಲ್ಲ. ಹಂದರದ ಹೊರಗೆ ಚಪ್ಪಲಿಗಳ ಮೂಲೆಗೆ ಹೋಗಿ ದುರ್ಗಪ್ಪನ ಮುಂದೆ ನಿಂತಳು. ಅವನು ಗಡಬಡಿಸಿ ಎದ್ದ.

"ದುರ್ಗಪ್ಪಾ, ಮೆರವಣಿಗಿ ಮುಂದ ನೀ ನುಡಸಬೇಕು. ಏನು ಕೊಡಬೇಕು ಹೇಳು," ಎಂದಳು.

"ನೀವು ಏನು ಕೊಟ್ರೂ ಆತ್ರಿ, ತಾಯಿ."

"ಹಂಗಂದ್ರ ನಾ ಕರಿಯಂಗಿಲ್ಲ. ನೀನ ಹೇಳಬೇಕು."

ದುರ್ಗಪ್ಪ ಸನಾದಿಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. ಅಲ್ಲಿಯವರೆಗೆ ಅವನಿಗೆ ಮದುವೆ ಮನೆಯವರು ಉಳಿದ ಅನ್ನ ಕೊಟ್ಟಿದ್ದರು, ಜೋಳ ಕೊಟ್ಟಿದ್ದರು, ಹಳೆಯ ದೋತರ ಕೊಟ್ಟಿದ್ದರು. ನಿನ್ನ ಕೆಲಸದ ಬೆಲೆ ಏನು ಎಂದು ಯಾರೂ ಕೇಳಿರಲಿಲ್ಲ. ಕುದುರೆ ತಲೆ ಕೊಡವುತ್ತಿತ್ತು, ಊರೆಲ್ಲ ನೋಡುತ್ತಿತ್ತು, ಅವನು ಯೋಚಿಸುತ್ತ ನಿಂತ. ಕೊನೆಗೆ ತೀರ ಕಡಿಮೆಯದೊಂದು ಮೊತ್ತ ಹೇಳಿ, ಹೆಚ್ಚಾಯಿತೇನೋ ಎಂದು ಹೆದರಿ ಚಿಗವ್ವನ ಮುಖ ನೋಡಿದ. ಅದು ಹಾಲಿಯಲ್ಲಾದರೆ ಸಾಲದು, ಕಲ್ದಾರದಲ್ಲಿ ಕೊಡುತ್ತೇನೆ, ಮತ್ತು ಗಿಡದ ಕೆಳಗೆ ಕೂತ ಒಬ್ಬೊಬ್ಬರಿಗೂ ಅಷ್ಟಷ್ಟೇ, ಈಗಲೇ, ಎಂದು ಚಿಗವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಆಮೇಲೆ ಬೀದಿಯ ನಡುವೆ ನಿಂತಿದ್ದ ಗಂಡನ ಬಳಿಗೆ ಬಂದು ಕೈ ಚಾಚಿದಳು.

"ಆ ಚೀಲ ಕೊಡ್ರಿ."

"ಅದು ಬ್ಯಾಂಡಿನ ರೊಕ್ಕ," ಎಂದ ಕಾಕಾ.

"ಬ್ಯಾಂಡು ನನ್ನ ಡಾಬಿಂದು," ಎಂದಳು ಚಿಗವ್ವ.

ಕಾಕಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲ ಬಿಚ್ಚಿಕೊಟ್ಟ. ಅವಳು ಬೇವಿನ ಗಿಡದ ಕೆಳಗೆ ಹೋಗಿ ಒಬ್ಬೊಬ್ಬರ ಕೈಯಲ್ಲಿ ಇಟ್ಟಳು. ದುರ್ಗಪ್ಪ ಪದ್ಧತಿಯಂತೆ ದೂರ ನಿಂತು, ಮೇಲಿನಿಂದ ಹಾಕಿದರೆ ಹಿಡಿಯಲು ದೋತರದ ಅಂಚು ಒಡ್ಡಿದ. ಚಿಗವ್ವ ಹತ್ತಿರ ಹೋಗಿ ಅವನ ಅಂಗೈಯಲ್ಲೇ ಇಟ್ಟಳು. ನಮ್ಮ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ಆಮೇಲೆ ಎಷ್ಟೋ ದಿನ ನಡೆಯಿತು. ಅವತ್ತು ಮಾತ್ರ ಮದುವೆ ಮುಖ್ಯವಾಗಿತ್ತು.

ಕೋಟುಗಳು ರಾಶಿಯಾಗಿ ಬಿದ್ದಲ್ಲೇ ಬಿದ್ದಿದ್ದವು. ದುರ್ಗಪ್ಪ ಹಳೆಯ ಅಂಗಿಯಲ್ಲಿ ಮುಂದೆ ನಿಂತು ಕಣ್ಣು ಮುಚ್ಚಿ ಸನಾದಿ ಎತ್ತಿದ. ಪೈಲವಾನ ಮೊದಲು ಸುಮ್ಮನೆ ಕೇಳಿದ, ಆಮೇಲೆ ಡೋಲಿನ ಮೇಲೆ ಮೆಲ್ಲಗೆ ಕೈ ಆಡಿಸಿದ. ತುತ್ತೂರಿಗಳು ಅಲ್ಲೊಂದು ಇಲ್ಲೊಂದು ಹೂಂಗುಟ್ಟಿದವು. ಉಸ್ತಾದರು ಗುಂಪಿನ ಬದಿಯಲ್ಲಿ ನಡೆಯುತ್ತ ಬಲಗಾಲು ಎಡಗಾಲು ಅನ್ನುವುದನ್ನು ಮರೆತು ತಲೆದೂಗಿದರು. ಕಾಕಾನಿಗೆ ಬದಿಗೆ ಸರಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವನೂ ಬೆತ್ತ ಹಿಡಿದು ಮುಂದೆಯೇ ನಡೆದ. ಸಾಹುಕಾರರ ಮಗ ಹಂದರ ಹೊಕ್ಕ.

ಲಿಂಗಸುಗೂರಿಗೆ ಮರಳಿದ ಮೇಲೆ ಬ್ಯಾಂಡಿನ ಯಜಮಾನಿಕೆ ಚಿಗವ್ವನದಾಯಿತು. ಯಾರೂ ಘೋಷಿಸಲಿಲ್ಲ. ಮದುವೆಗೆ ಬ್ಯಾಂಡು ಹೇಳಲು ಬಂದವರು ಕಟ್ಟೆಯ ಮೇಲಿನ ಕಾಕಾನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಬರತೊಡಗಿದರು, ಅಷ್ಟೆ. ದುರ್ಗಪ್ಪನೂ ಬ್ಯಾಂಡಿಗೆ ಸೇರಿದ; ಹೊಸ ಆಳು ಬಂದರೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತ ಅವನ ಮುಂದೆ ಊದಿ ತೋರಿಸಬೇಕು. ಕಲಿಯುವವರಿಗೆ ಅರ್ಧ ಪಗಾರ, ಕಲಿತವರಿಗೆ ಪೂರಾ, ಮದುವೆ ಮುಗಿದ ದಿನವೇ, ಬಂಡಿಯ ಎತ್ತು ಬಿಚ್ಚುವ ಮೊದಲು. ಕೋಟುಗಳ ಹೊಲಿಗೆಯನ್ನು ಅಪ್ಪ ಬಿಚ್ಚಿಸಿ ಅಗಲ ಮಾಡಿಸಿದ. ಚಳಿಗಾಲಕ್ಕೆ ಮಾತ್ರ ತೊಡಬೇಕು ಎಂದಾಯಿತು. ಪಗಾರ ಕೊಡುತ್ತಾ ಹೋದರೆ ಮನೆ ಮುಳುಗುತ್ತದೆ ಎಂದು ಕಾಕಾ ಭವಿಷ್ಯ ಹೇಳಿದ. ಆದರೆ ಕಲಿತವರು ಬಿಟ್ಟು ಹೋಗುವುದು ನಿಂತಿತು, ಗಿರಣಿಯ ತಕ್ಕಡಿಯವನು ತಾನಾಗಿ ಮರಳಿ ಬಂದ, ಬ್ಯಾಂಡಿಗೆ ಎರಡಕ್ಕಿಂತ ಹೆಚ್ಚು ಮಟ್ಟುಗಳು ಬಂದವು.

ಚಿಗವ್ವ ದೇವತೆ ಎಂದು ತಿಳಿಯಬೇಡಿ. ಬ್ಯಾಂಡಿನವರ ಊಟದ ತುಪ್ಪವನ್ನು ಮೊದಲ ವಾರವೇ ನಿಲ್ಲಿಸಿದಳು. ಪಗಾರ ತಗೊಳ್ಳುವವರಿಗೆ ತುಪ್ಪ ಯಾಕೆ ಎಂಬುದು ಅವಳ ವಾದ. ತಡವಾಗಿ ಬಂದವನನ್ನು ಬಂಡಿ ಹತ್ತಿಸುತ್ತಿರಲಿಲ್ಲ; ಪೈಲವಾನ ಒಂದು ಸಲ ಡೋಲು ಹೊತ್ತು ಬಂಡಿಯ ಹಿಂದೆ ಮಸ್ಕಿಯ ದಾರಿಯಲ್ಲಿ ಬಹಳ ದೂರ ಓಡಿದ್ದಾನೆ. ಉಸ್ತಾದರೂ ದುರ್ಗಪ್ಪನೂ ಕಾಲು ಮೊದಲೋ ಉಸಿರು ಮೊದಲೋ ಎಂದು ಜಗಳವಾಡಿದರೆ, ಹೊರಗೆ ಹೋಗಿ ಆಡಿರಿ ಎನ್ನುತ್ತಿದ್ದಳು.

ಕಾಕಾ ಕೆಲವು ದಿನ ಕಟ್ಟೆಯಿಂದ ಊಟಕ್ಕೆ ಮಾತ್ರ ಎದ್ದ. ಮತ್ತೆ ಅಂಗಡಿಯ ಮೆಟ್ಟಿಲಿಗೆ ಹೋಗಿ ನಿಂತ. ನಿಂತದ್ದು ಸರಿ ಬರಲಿಲ್ಲ, ಭುಜ ಇಳಿದಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕಣ್ಣು ಮಂಜಾಗಿ ಪಡಸಾಲೆಯಲ್ಲೇ ಕೂತಿರುತ್ತಿದ್ದಳು. ಅವಳು ಅವನ ಹೆಜ್ಜೆ ಸದ್ದು ಕೇಳಿ, ಇವನಿಗೆ ಜ್ವರ ಬಂದಿದೆಯೇನು ಎಂದು ಕೇಳಿದಳು.

ಗುರುಗುಂಟಾದಲ್ಲಿ ಒಂದು ಮದುವೆ ಗೊತ್ತಾಯಿತು. ಬೆತ್ತ ಹಿಡಿದು ಮುಂದೆ ನಡೆಯಲು ಚಿಗವ್ವ ಆ ಊರಿನವನೇ ಎಂದು ನಿಂಗಪ್ಪನನ್ನು ಹಾಕಿ ನೋಡಿದಳು. ಅವನು ಕುರಿ ಕಾಯ್ದವನು. ಹಿಂದಿನವರೆಲ್ಲ ಬಂದರೋ ಇಲ್ಲವೋ ಎಂದು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ತಾಲೀಮಿನಲ್ಲೇ ಎಲ್ಲರೂ ನಕ್ಕರು. ಚಿಗವ್ವ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಕಾಕಾನ ಮುಂದೆ ಬೆತ್ತ ಇಟ್ಟು, ಬರುವುದಾದರೆ ನಾಳೆ ಹೊತ್ತಿಗೆ ಸರಿಯಾಗಿ ಬಂಡಿಯ ಹತ್ತಿರ ಬರಬೇಕು, ಪಗಾರ ಎಲ್ಲರಷ್ಟೇ ಎಂದಳು. ಮುಂಜಾನೆ ಕಾಕಾ ಎಲ್ಲರಿಗಿಂತ ಮೊದಲು ಬಂಡಿಯಲ್ಲಿ ಕೂತಿದ್ದ.

ಅವನು ಗುರುಗುಂಟಾದ ಬೀದಿಯಲ್ಲಿ ನಡೆದ ರೀತಿಯನ್ನು ನಾನು ಹೇಗೆ ಹೇಳಲಿ. ಎದೆ ಮುಂದೆ, ಗದ್ದ ಮೇಲೆ, ಬೆತ್ತದ ಗುಂಡು ಗಾಳಿಯಲ್ಲಿ ತಿರುಗಿ ಮತ್ತೆ ಕೈಗೆ. ಜನ ಮದುಮಗನನ್ನು ಬಿಟ್ಟು ಇವನನ್ನೇ ನೋಡಿದರು. ಕಚೇರಿಯಲ್ಲಿ ಬೇಡವಾದದ್ದು, ಅಂಗಡಿಯಲ್ಲಿ ಗಿರಾಕಿಯನ್ನು ಓಡಿಸಿದ್ದು, ಇಲ್ಲಿ ಕೆಲಸಕ್ಕೆ ಬಂತು. ಸಂಜೆ ಮನೆ ಮುಂದೆ ಎತ್ತು ಬಿಚ್ಚುವ ಮೊದಲು ಎಲ್ಲರೂ ಸಾಲಾಗಿ ನಿಂತರು. ಕಾಕಾ ಎಲ್ಲರಿಗಿಂತ ಹಿಂದೆ ನಿಂತ. ಅವನ ಸರದಿ ಬಂದಾಗ ಚಿಗವ್ವ ಉಳಿದವರಿಗೆ ಕೊಟ್ಟಂತೆಯೇ ಕೊಟ್ಟಳು, ಮುಖ ನೋಡಲಿಲ್ಲ, ನಗಲೂ ಇಲ್ಲ. ಅವನು ಚಾಚಿದ ಅಂಗೈಯನ್ನು ಮಡಚಲು ಮರೆತು ಹಾಗೇ ಒಳಗೆ ಬಂದ. ಪಡಸಾಲೆಯಲ್ಲಿ ಆಯಿ ಬೆರಳಿನಿಂದ ತಡವಿ ತಡವಿ ಕಾಳು ಆರಿಸುತ್ತಿದ್ದಳು. ಕಾಕಾ ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಆಗ ಅವನ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಬಂದಿದ್ದವು.

"ಅವ್ವಾ, ಇವತ್ತು ನನಗ ಪಗಾರ ಆತು," ಎಂದ.

ಆಯಿ ಮೊರದಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿದಳು. ಯಾರು ಕೊಟ್ಟರು ಎಂದು ಕೇಳಿದಳು. ಗಂಗಾ ಕೊಟ್ಟಳು ಎಂದು ಕಾಕಾ ಹೇಳಿದ. ಆಯಿ ಕೈ ಚಾಚಿ ತಡವರಿಸಿ ಅವನ ಅಂಗೈ ಹುಡುಕಿ, ಅದರಲ್ಲಿದ್ದ ನಾಣ್ಯಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ತಾನೇ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಹಂಗಾರ ನಾಳಿನೂ ಹೋಗು," ಎಂದಳು.